ಕಾರವಾರ, ಶಿರಸಿಯಂಥ ಊರಿನಲ್ಲಿ ಫ್ರೀ ಇಂಪ್ರೊವೈಸೇಶನ್, ಅಂದರೆ ಮೊದಲೇ ಸಿದ್ಧಪಡಿಸಿದ ಕೃತಿಯಿಲ್ಲದೆ ಆ ಕ್ಷಣದಲ್ಲೇ ಹುಟ್ಟಿಸಿ ನುಡಿಸುವ ಮುಕ್ತ ವಾದನದ ಕಛೇರಿಗೆ ಎಂಥ ಸಭಾಭವನ ಸೂಕ್ತ? ಜನರನ್ನು ಅದಕ್ಕೆ ಹೇಗೆ ಸಿದ್ಧಗೊಳಿಸಬೇಕು?

ಇನ್ನೂರು ಕುರ್ಚಿಗಳ ಸಭಾಭವನ, ಒಳ್ಳೆಯ ಸೌಂಡ್ ಸಿಸ್ಟಮ್, ಮೊದಲಿಗೆ ಪರಿಚಯ ಭಾಷಣ, ಜನ ಗಾಬರಿಯಾಗದಿರಲೆಂದು ಅರ್ಧ ಗಂಟೆ ರಾಗಸಂಗೀತ, ಆಮೇಲೆ ನಿಮ್ಮ ಮುಕ್ತ ವಾದನ. ನಿಮ್ಮ ಪ್ರಶ್ನೆಯಲ್ಲಿರುವ ಈ ಯೋಜನೆಯನ್ನು ನಾನು ಹಿಂದೆ ಶಿರಸಿಯಲ್ಲಿ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ನಡೆಸಿದ್ದೇನೆ. ಆದ್ದರಿಂದ ಯಾವ ಸಭಾಭವನ ಒಳ್ಳೆಯದೆಂದು ಹೇಳುವ ಮೊದಲು ಅಂದು ಏನಾಯಿತೆಂಬುದನ್ನು ಹೇಳಲೇಬೇಕು.

ನಾವು ನಾಲ್ವರಿದ್ದೆವು. ನಾನು ತಬಲಾ ಕಲಿತವನು. ಡಗ್ಗಾದ ಜೊತೆಗೆ ಒಂದಷ್ಟು ಕಂಚಿನ ಬಟ್ಟಲುಗಳನ್ನೂ ಹಂಡೆಯ ಮುಚ್ಚಳವೊಂದನ್ನೂ ಇಟ್ಟುಕೊಂಡಿದ್ದೆ. ಭಜನೆಯಿಂದ ಹಿಡಿದು ಬೈಠಕ್ಕಿನವರೆಗೆ ಸಾಥ್ ನೀಡಿ ಪಳಗಿದ ಹಾರ್ಮೋನಿಯಂ ವಾದಕರೊಬ್ಬರು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಸ್ಯಾಕ್ಸೋಫೋನ್ ವಾದಕ ಗೆಳೆಯ, ಎಲೆಕ್ಟ್ರಿಕ್ ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಸ್ಪ್ರಿಂಗ್, ಅರ, ಪುಟ್ಟ ಬ್ಯಾಟರಿ ಫ್ಯಾನುಗಳಿಂದ ನುಡಿಸುತ್ತಿದ್ದ ಇನ್ನೊಬ್ಬ. ಗಿಟಾರನ್ನು ಹೀಗೆ ಮಲಗಿಸುವುದನ್ನು ಅವನು 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎಎಂಎಂ ಎಂಬ ಮುಕ್ತ ವಾದನ ತಂಡದ ಗಿಟಾರ್ ವಾದಕ ಕೀತ್ ರೋ ಅವರ ವಾದನ ಕೇಳಿ ಕಲಿತಿದ್ದ. ಒಂದು ಇಡೀ ಮಳೆಗಾಲ ಹಾರ್ಮೋನಿಯಂ ವಾದಕರ ಮನೆಯ ಮಾಳಿಗೆಯಲ್ಲಿ ನಮ್ಮ ಅಭ್ಯಾಸ ನಡೆಯಿತು. ಅವರು ಯಾವ ಕೀಯನ್ನೂ ಒತ್ತದೆ ತಿದಿಯನ್ನು ಮಾತ್ರ ನಿಧಾನವಾಗಿ ಎಳೆದು ಬಿಡುತ್ತಿದ್ದರು. ಹಳೆಯ ಪೆಟ್ಟಿಗೆಯ ಸಂದುಗಳಲ್ಲಿ ಗಾಳಿ ಸೋರುವ ಸದ್ದಷ್ಟೇ ಕೇಳುತ್ತಿತ್ತು. ಆ ಗಾಳಿಯ ಮೇಲೆ ಸ್ಯಾಕ್ಸೋಫೋನ್ ಗೆಳೆಯ ಒಂದು ತೆಳುವಾದ ಮೇಲ್ಸ್ವರವನ್ನು ಉಸಿರು ಮುಗಿಯುವವರೆಗೂ ಹಿಡಿದು ನಿಲ್ಲಿಸುತ್ತಿದ್ದ. ನಾನು ಬಟ್ಟಲಿನ ಅಂಚನ್ನು ಬೆರಳಿನಿಂದ ಮುಟ್ಟಿ ಆ ಸ್ವರ ಅಲುಗುವುದನ್ನು ಕೇಳುತ್ತಿದ್ದೆ. ನಾವು ನಾಲ್ವರೂ ಆ ಸಂಗೀತವನ್ನು ಪೂರ್ತಿಯಾಗಿ ನಂಬಿದ್ದೆವು.

ಸಭಾಭವನದಲ್ಲಿ ನಾನು ಮಾಡಿದ ತಪ್ಪು ಒಂದೇ. ಅದನ್ನು ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅದು ತಪ್ಪೆಂದು ಕಾಣುವುದೇ ಇಲ್ಲ. ಮೈಕ್ ಸೆಟ್ಟಿನವರಿಗೆ ಮುಂಗಡ ಕೊಟ್ಟು, ಎಷ್ಟು ಮೈಕ್ ಬೇಕೆಂದು ತಿಳಿಸಿ, ಉಳಿದದ್ದೆಲ್ಲ ಅವರ ಕೆಲಸವೆಂದು ಸುಮ್ಮನಾದೆ. ನಾವು ನುಡಿಸುವುದು ಏನೆಂಬುದನ್ನು ಮೈಕ್ ನೋಡಿಕೊಳ್ಳುವ ಆಪರೇಟರ್ ಹುಡುಗನಿಗೆ ಹೇಳಲಿಲ್ಲ. ಒಂದು ದಿನ ಮಾಳಿಗೆಗೆ ಕರೆದು ಕೇಳಿಸಲಿಲ್ಲ. ಮದುವೆ, ಭಾಷಣ, ಆರ್ಕೆಸ್ಟ್ರಾಗಳಿಗೆಂದು ಹೊಂದಿಸಿಟ್ಟ ಅವನ ವ್ಯವಸ್ಥೆಯಲ್ಲಿ ಎರಡು ಸಾಧನಗಳು ಸದಾ ಚಾಲೂ ಇರುತ್ತಿದ್ದವು. ಮೊದಲನೆಯದು ನಾಯ್ಸ್ ಗೇಟ್. ಮೈಕಿಗೆ ಬರುವ ಸದ್ದು ನಿಗದಿಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಅದು ಆ ಮೈಕನ್ನು ಮುಚ್ಚುತ್ತದೆ, ಮಟ್ಟ ಏರಿದಾಗ ತೆರೆಯುತ್ತದೆ. ಭಾಷಣಕಾರರು ನೀರು ಕುಡಿಯುವಾಗ ಫ್ಯಾನಿನ ಸದ್ದು ಸ್ಪೀಕರಿನಲ್ಲಿ ಬರಬಾರದೆಂಬುದಷ್ಟೇ ಅದರ ಉದ್ದೇಶ. ಎರಡನೆಯದು ಫೀಡ್‌ಬ್ಯಾಕ್ ಸಪ್ರೆಸರ್. ಮೈಕ್ ಕೂಗತೊಡಗಿದಾಗ ಬರುವ ಸದ್ದು ಒಂದೇ ಕಂಪನಾಂಕದಲ್ಲಿ ಎಡೆಬಿಡದೆ ನಿಲ್ಲುತ್ತದೆ. ಅಂಥ ಸದ್ದು ಸಿಕ್ಕಿದ ಕೂಡಲೇ ಯಂತ್ರ ತಾನಾಗಿಯೇ ಆ ಕಂಪನಾಂಕವನ್ನು ಕೊರೆದು ತೆಗೆಯುತ್ತದೆ. ಹೀಗೆ ಕೊರೆಯುವ ಕೆಲವು ಫಿಲ್ಟರುಗಳು ಒಮ್ಮೆ ಕೂತ ಮೇಲೆ ಯಾರಾದರೂ ರೀಸೆಟ್ ಮಾಡುವವರೆಗೂ ಅಲ್ಲೇ ಇರುತ್ತವೆ.

ಈಗ ನಮ್ಮ ಸಂಗೀತವನ್ನು ಈ ಎರಡು ಯಂತ್ರಗಳ ಎದುರು ಇಟ್ಟು ನೋಡಿ. ತಿದಿಯ ಉಸಿರು ಗೇಟಿನ ಮಟ್ಟವನ್ನು ಮುಟ್ಟಲೇ ಇಲ್ಲ. ವಾದಕರ ಬೆರಳು ಅಕಸ್ಮಾತ್ತಾಗಿ ಪೆಟ್ಟಿಗೆಗೆ ತಾಗಿದಾಗ ಮಾತ್ರ ಮೈಕ್ ತೆರೆದು ‘ಟಕ್’ ಎಂಬ ಸದ್ದು ಇಡೀ ಸಭಾಭವನಕ್ಕೆ ಕೇಳಿತು, ಮರುಕ್ಷಣ ಮತ್ತೆ ಮುಚ್ಚಿತು. ಗೆಳೆಯ ತನ್ನ ನೀಳ ಮೇಲ್ಸ್ವರವನ್ನು ಹಿಡಿದ. ಯಂತ್ರ ಅದನ್ನು ಮೈಕಿನ ಕೂಗೆಂದು ತಿಳಿದು ಕೊರೆಯಿತು. ಅವನು ತುಸು ಏರಿಸಿದ, ಅಲ್ಲಿಯೂ ಕೊರೆಯಿತು. ಇವನ ಉಸಿರು ಇನ್ನೂ ನಡೆಯುತ್ತಿದೆ, ಸ್ಪೀಕರಿನಲ್ಲಿ ಸ್ವರವಿಲ್ಲ. ಆಪರೇಟರ್ ಬೇಕೆಂದೇ ತನ್ನನ್ನು ತಗ್ಗಿಸುತ್ತಿದ್ದಾನೆಂದು ಭಾವಿಸಿ ಅವನು ಜೋರಾಗಿ ಊದಿದ. ಆ ಜೋರಿಗೆ ಗಿಟಾರಿನವನು ಆಂಪ್ಲಿಫೈಯರ್ ಏರಿಸಿದ. ನನ್ನ ಮುಂದಿದ್ದ ಮಾನಿಟರ್ ಸ್ಪೀಕರಿನಲ್ಲಿ ನನಗೆ ನನ್ನ ಡಗ್ಗಾ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ, ನಾನೂ ಬಡಿದೆ. ಹತ್ತು ನಿಮಿಷಗಳೊಳಗೆ ನಾಲ್ವರೂ ಪರಸ್ಪರ ಸಂಬಂಧವೇ ಇಲ್ಲದೆ ಅಬ್ಬರಿಸುತ್ತಿದ್ದೆವು. ಹಿಂದಿನ ಸಾಲುಗಳು ಎದ್ದು ಹೋದವು. ಮುಗಿದ ಮೇಲೆ ಆ ಹುಡುಗ, ‘ಮೈಕ್ ಕೂಗ್ತಿತ್ತು ಹೆಗಡೇರೇ, ಅದ್ಕೇ ಮಷಿನ್ನೇ ಕಟ್ ಮಾಡ್ತು’ ಎಂದ. ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ‘ಎರಡನ್ನೂ ಬಂದ್ ಮಾಡಿಡು, ಮೈಕ್ ಕೂಗಿದರೆ ಕೂಗಲಿ’ ಎಂಬ ಒಂದು ಮಾತನ್ನು ನಾನು ಸಂಜೆಯೇ ಹೇಳಿದ್ದರೆ ಸಾಕಾಗಿತ್ತು. ಅದನ್ನು ಹೇಳಬೇಕಾದರೆ ನಮ್ಮ ಸಂಗೀತ ನಿಂತಿರುವುದೇ ಸಣ್ಣ ಸದ್ದಿನ ಮೇಲೆ, ದೀರ್ಘ ಸ್ವರದ ಮೇಲೆ ಎಂಬುದು ನನಗೇ ಸ್ಪಷ್ಟವಾಗಿರಬೇಕಿತ್ತು. ಬಾಡಿಗೆಯ ಹಣ ಹೋದದ್ದು ದೊಡ್ಡದಲ್ಲ. ಸ್ಯಾಕ್ಸೋಫೋನ್ ಗೆಳೆಯ ಮತ್ತೆ ಶಿರಸಿಗೆ ಬರಲಿಲ್ಲ, ಹಾರ್ಮೋನಿಯಂ ವಾದಕರು ಮತ್ತೆ ತಮ್ಮ ಭಜನೆ, ಬೈಠಕ್ಕುಗಳಿಗಷ್ಟೇ ಉಳಿದರು. ಆ ಮಾಳಿಗೆಯಲ್ಲಿ ನಾವು ಕಂಡುಕೊಂಡ ಸದ್ದನ್ನು ಇನ್ನೆಂದೂ ನಾಲ್ವರೂ ಕೂಡಿ ನುಡಿಸಲಿಲ್ಲ.

‘ನಮ್ಮ ಕಡೆಯ ಜನರಿಗೆ ಇದು ಅರ್ಥವಾಗುವುದಿಲ್ಲ’ ಎಂಬ ನಿಮ್ಮ ಮಾತನ್ನು ನಾನು ಒಪ್ಪದಿರುವುದು ಅದೇ ರಾತ್ರಿಯ ಕಾರಣದಿಂದ. ಆಯುಷ್ಯವಿಡೀ ತಾಳಮದ್ದಲೆ ಕೇಳಿದ ನನ್ನ ದೊಡ್ಡಪ್ಪ ಕೊನೆಯವರೆಗೂ ಕೂತಿದ್ದು, ಬಾಗಿಲಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, ‘ತಮಾ, ಒಬ್ರದ್ದು ಒಬ್ರಿಗೆ ಕೇಳ್ತಾ ಇತ್ತಿಲ್ಲೆ’ ಎಂದರು. ಪ್ರಾಯೋಗಿಕ ಸಂಗೀತದ ಹೆಸರನ್ನೇ ಕೇಳಿರದ ಅವರು ಆ ಕಛೇರಿಯ ನಿಜವಾದ ದೋಷವನ್ನು ಒಂದೇ ವಾಕ್ಯದಲ್ಲಿ ಹಿಡಿದಿದ್ದರು. ತಾಳಮದ್ದಲೆಯಲ್ಲಿ ಪದ್ಯ ಮೊದಲೇ ಇರುತ್ತದೆ, ಆದರೆ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಅಲ್ಲೇ ಹುಟ್ಟಬೇಕು. ಎದುರಾಳಿ ಯಾವ ಮಾತನ್ನು ಎತ್ತಿಕೊಂಡ, ಯಾವುದನ್ನು ಬೇಕೆಂದೇ ಬಿಟ್ಟ, ಎಲ್ಲಿ ಸಿಕ್ಕಿಬಿದ್ದ ಎಂಬುದನ್ನು ಬೆಳಗಿನ ಜಾವದವರೆಗೆ ಹಿಂಬಾಲಿಸುವ ಕಿವಿ ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲೂ ಇದೆ. ಮುಕ್ತ ವಾದನದಲ್ಲಿ ಪ್ರಸಂಗವೂ ಇಲ್ಲ, ರಾಗತಾಳಗಳ ಚೌಕಟ್ಟೂ ಇಲ್ಲ. ಆ ವ್ಯತ್ಯಾಸ ದೊಡ್ಡದೇ. ಆದರೆ ಕೇಳುಗ ಹಿಂಬಾಲಿಸುವುದು ಒಬ್ಬ ಇನ್ನೊಬ್ಬನಿಗೆ ಕೊಡುವ ಉತ್ತರವನ್ನೇ. ಅಂಥ ಜನರ ಮುಂದೆ ಪರಿಚಯ ಭಾಷಣ ಮಾಡುವುದು ಅವರಿಗೆ ಅಗೌರವವೆಂದು ನನ್ನ ಅಭಿಪ್ರಾಯ. ಎರಡು ಮಾತು ಸಾಕು: ಇದಕ್ಕೆ ಮೊದಲೇ ಸಿದ್ಧಪಡಿಸಿದ ಕೃತಿಯಿಲ್ಲ, ಇಷ್ಟು ಹೊತ್ತು ನುಡಿಸುತ್ತೇವೆ.

ರಾಗದಿಂದ ಆರಂಭಿಸುವುದಂತೂ ಖಂಡಿತ ಬೇಡ. ಅರ್ಧ ಗಂಟೆ ತಾನ್ಪುರದ ಆಧಾರ ಸ್ವರವಾದ ಷಡ್ಜದಲ್ಲಿ ನೆಂದ ಕಿವಿ ಮುಂದಿನ ಪ್ರತಿ ಸದ್ದನ್ನೂ ಆ ಷಡ್ಜಕ್ಕೇ ಅಳೆಯುತ್ತದೆ. ಆಮೇಲೆ ನೀವು ಏನೇ ನುಡಿಸಿದರೂ ಅದು ಅಪಸ್ವರವಾಗಿಯೇ ಕೇಳುತ್ತದೆ.

ಇನ್ನು ಸ್ಥಳ. ಇನ್ನೂರು ಕುರ್ಚಿಗಳನ್ನು ಮರೆತುಬಿಡಿ. ಈ ಸಂಗೀತ ಬೆಳೆದದ್ದು ಸಣ್ಣ ಕೋಣೆಗಳಲ್ಲೇ. ಟೋಕಿಯೋದಲ್ಲಿ 2000ದಿಂದ 2005ರವರೆಗೆ ನಡೆದ ಆಫ್ ಸೈಟ್ ಎಂಬ ಪುಟ್ಟ ಜಾಗದಲ್ಲಿ ನೆರೆಮನೆಯವರಿಗೆ ತೊಂದರೆಯಾಗದಂತೆ ಬಹಳ ಮೆಲ್ಲನೆ ನುಡಿಸಬೇಕಾಗಿತ್ತು. ಅಲ್ಲಿ ನುಡಿಸುತ್ತಿದ್ದವರ ನಡುವೆ ಸಣ್ಣ ಸದ್ದಿನದೇ ಒಂದು ಶೈಲಿ ಬಲಿಯಿತು. ನಿಮಗೆ ಬೇಕಾದದ್ದು ಹಂಚಿನ ಮಾಡಿನ ಹಳೆಯ ಮನೆಯ ಉದ್ದ ಜಗುಲಿ ಅಥವಾ ಮಾಳಿಗೆ. ವಾದಕರು ನಡುವೆ ಒಬ್ಬರಿಗೊಬ್ಬರು ಎದುರಾಗಿ ಕೂರಲಿ, ಇಪ್ಪತ್ತು ಮೂವತ್ತು ಕೇಳುಗರು ಸುತ್ತ ಚಾಪೆಯ ಮೇಲೆ ಕೂರಲಿ, ಮೈಕ್ ಒಂದೂ ಬೇಡ. ಮೈಕಿಲ್ಲದ ಕೋಣೆಯಲ್ಲಿ ಪ್ರತಿ ಸದ್ದೂ ತಾನು ಹುಟ್ಟಿದ ಜಾಗದಿಂದಲೇ ಬರುತ್ತದೆ. ನಾಲ್ಕು ವಾದ್ಯಗಳನ್ನು ಎರಡು ಸ್ಪೀಕರುಗಳಿಗೆ ತುಂಬಿದರೆ ಯಾರು ಯಾರಿಗೆ ಉತ್ತರಿಸಿದರೆಂಬುದು ಕೇಳುಗನಿಗೆ ತಿಳಿಯುವುದಿಲ್ಲ. ನಾನು ಆಮೇಲೆ ಏರ್ಪಡಿಸಿದ ಕಛೇರಿಗಳೆಲ್ಲ ಹೀಗೆಯೇ ನಡೆದಿವೆ. ಎಲೆ ಅಡಿಕೆಯ ಕವಳದ ಹರಿವಾಣವನ್ನು ಮಾತ್ರ ಮುಗಿಯುವವರೆಗೆ ಒಳಗೇ ಇಡಿಸುತ್ತೇನೆ, ಅಡಕತ್ತರಿಯ ಸದ್ದು ತಿದಿಯ ಉಸಿರಿಗಿಂತ ಜೋರು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬಯಲಿನಲ್ಲೇ ನುಡಿಸಬಹುದೇ ಎಂದೂ ಕೇಳಿದ್ದೀರಿ. ಬೇಡ. ಅಲೆಯ ಮೊರೆತದಲ್ಲಿ ತಗ್ಗಿನಿಂದ ಮೇಲಿನವರೆಗೆ ಎಲ್ಲ ಕಂಪನಾಂಕಗಳೂ ಒಟ್ಟಿಗೆ ಇರುವುದರಿಂದ ಅದು ಸಣ್ಣ ಸದ್ದನ್ನೆಲ್ಲ ಮುಚ್ಚುತ್ತದೆ, ಪಕ್ಕದಲ್ಲೇ ಹೆದ್ದಾರಿಯೂ ಇದೆ. ಅಲ್ಲಿ ಕೇಳಿಸಬೇಕಾದರೆ ಮತ್ತೆ ಮೈಕ್ ಬೇಕು, ಮತ್ತೆ ಅದೇ ಕಥೆ. ಮಳೆಯ ವಿಷಯದಲ್ಲಿ ನನ್ನ ನಿಲುವು ಬೇರೆ. ತಗಡಿನ ಮಾಡಿನ ಕೆಳಗೆ ಮಳೆ ಬಂದರೆ ಕಛೇರಿ ಮುಗಿದಂತೆಯೇ. ಹಂಚಿನ ಮೇಲೆ ಸಾಧಾರಣ ಮಳೆಯಾದರೆ ಅದರೊಂದಿಗೆ ನುಡಿಸಬಹುದು. ಸಂಯೋಜಕ ಜಾನ್ ಕೇಜ್ ಅವರ, ವಾದಕ ಏನನ್ನೂ ನುಡಿಸದ 4 ನಿಮಿಷ 33 ಸೆಕೆಂಡುಗಳ ನಿಶ್ಶಬ್ದ ಕೃತಿಯನ್ನು 1952ರಲ್ಲಿ ಅಮೆರಿಕದ ವುಡ್‌ಸ್ಟಾಕ್‌ನಲ್ಲಿ ಪಿಯಾನೋ ವಾದಕ ಡೇವಿಡ್ ಟ್ಯೂಡರ್ ಮೊದಲ ಬಾರಿಗೆ ಪ್ರಸ್ತುತಪಡಿಸಿದ್ದು ಕಾಡಿನ ಅಂಚಿನ ಮರದ ಸಭಾಂಗಣದಲ್ಲಿ. ಮೊದಲ ಭಾಗದಲ್ಲಿ ಹೊರಗಿನ ಗಾಳಿ, ಎರಡನೆಯದರಲ್ಲಿ ಮಾಡಿನ ಮೇಲೆ ಮಳೆಹನಿ ಕೇಳಿದವೆಂದು ಕೇಜ್ ನೆನೆದಿದ್ದಾರೆ. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಅಂಥ ಜಾಗ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ.

ಅಭ್ಯಾಸ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಬೇಕು, ಆದರೆ ಕೃತಿಯ ಅಭ್ಯಾಸವಲ್ಲ. 1966ರಲ್ಲಿ ಲಂಡನ್ನಿನ ಲಿಟಲ್ ಥಿಯೇಟರ್ ಕ್ಲಬ್ಬಿನಲ್ಲಿ ಸ್ಪಾಂಟೇನಿಯಸ್ ಮ್ಯೂಸಿಕ್ ಎನ್ಸೆಂಬಲ್ ಎಂಬ ತಂಡವನ್ನು ಕಟ್ಟಿದ ಡ್ರಮ್ಮರ್ ಜಾನ್ ಸ್ಟೀವನ್ಸ್ ಕಲಿಸುತ್ತಿದ್ದ ಎರಡು ಸರಳ ಅಭ್ಯಾಸಗಳನ್ನು ಮಾಡಿ ನೋಡಿ. ಒಂದರಲ್ಲಿ ಪ್ರತಿಯೊಬ್ಬರೂ ತಮ್ಮ ವಾದ್ಯದಿಂದ ಸಾಧ್ಯವಾದಷ್ಟು ಕಡಿಮೆ ಅವಧಿಯ, ಕ್ಷಣಮಾತ್ರದ ಸದ್ದನ್ನು ಮಾತ್ರ ಹೊರಡಿಸಬೇಕು. ಇನ್ನೊಂದರಲ್ಲಿ ಒಂದು ಸ್ವರವನ್ನು ಉಸಿರು ಮುಗಿಯುವವರೆಗೂ ಹಿಡಿಯಬೇಕು. ನಿಮ್ಮ ಜೊತೆಗಾರ ನಿಮಗೆ ಕೇಳಿಸದಿದ್ದರೆ ನೀವು ಅತಿಯಾಗಿ ಜೋರು ಮಾಡುತ್ತಿದ್ದೀರಿ ಎಂಬುದು ಆ ವಲಯದ ಮೂಲ ನಿಯಮ. ದೊಡ್ಡಪ್ಪ ಹೇಳಿದ್ದೂ ಅದನ್ನೇ.

ಅಂಕೋಲಾದ ಗುಮಟೆ ವಾದಕರನ್ನೂ ಸೇರಿಸಿಕೊಳ್ಳುವ ನಿಮ್ಮ ವಿಚಾರ ನನಗೆ ಇಷ್ಟವಾಯಿತು. ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಬಾಗಿಸುವ ಆ ವಾದ್ಯ ಇಂಥ ಸಂಗೀತಕ್ಕೆಂದೇ ಹುಟ್ಟಿದಂತಿದೆ. ಆದರೆ ಅವರನ್ನು ಕೊನೆಯ ಹತ್ತು ನಿಮಿಷ ‘ಜಾನಪದ ಸ್ಪರ್ಶ’ಕ್ಕೆಂದು ಕರೆಯಬೇಡಿ. ಮೊದಲ ಅಭ್ಯಾಸದಿಂದಲೇ ಕರೆಯಿರಿ, ಬೆಂಗಳೂರಿನಿಂದ ಬರುವವರಿಗೆ ಕೊಡುವಷ್ಟೇ ಸಂಭಾವನೆಯನ್ನು ಅವರಿಗೂ ಕೊಡಿ.

ಯಾವುದೋ ಕಾರಣಕ್ಕೆ ಸಭಾಭವನವೇ ಅನಿವಾರ್ಯವಾದರೆ, ಆಪರೇಟರನ್ನು ನಿಮ್ಮ ತಂಡದ ಇನ್ನೊಬ್ಬ ವಾದಕರೆಂದು ತಿಳಿದು ಅಭ್ಯಾಸಕ್ಕೆ ಕರೆಯಿರಿ, ಅದಕ್ಕೂ ಹಣ ಕೊಡಿ. ಗೇಟ್ ಮತ್ತು ಸಪ್ರೆಸರ್ ಎರಡನ್ನೂ ಬಂದ್ ಮಾಡಿಸಿ. ಮಾನಿಟರ್ ಸ್ಪೀಕರುಗಳನ್ನು ತೆಗೆಸಿ ನೀವೇ ಹತ್ತಿರ ಹತ್ತಿರ ಕೂರಿ. ಫ್ಯಾನುಗಳನ್ನು ನಿಲ್ಲಿಸಿ, ಆ ಸೆಖೆಯನ್ನು ಮೊದಲೇ ಲೆಕ್ಕ ಹಾಕಿ ಒಂದು ಗಂಟೆಯೊಳಗೆ ಮುಗಿಸಿ.

ದಿನ ನಿಗದಿ ಮಾಡುವ ಮೊದಲು ಸುತ್ತಲಿನ ಊರುಗಳಲ್ಲಿ ಅಂದು ಯಕ್ಷಗಾನದ ಆಟ ಇದೆಯೇ ಎಂದು ವಿಚಾರಿಸಿ. ನವೆಂಬರಿನಿಂದ ಮೇ ತನಕ ಮೇಳಗಳ ತಿರುಗಾಟ, ಬಯಲಿನ ಚಂಡೆ ರಾತ್ರಿ ಗದ್ದೆಬಯಲನ್ನು ದಾಟಿ ಬಹಳ ದೂರ ಕೇಳುತ್ತದೆ. ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರವನ್ನೂ ಬಿಡಿ. ಕಾರವಾರದ ಕಡೆ ನಿಮಗೆ ಹಂಚಿನ ಮನೆ ಸಿಗದಿದ್ದರೆ ತಿಳಿಸಿ. ಘಟ್ಟದ ಮೇಲೆ ನಾವು ನುಡಿಸುವ ಜಗುಲಿಯ ಮನೆಯವರೊಂದಿಗೆ ಮಾತನಾಡುತ್ತೇನೆ.