ನಾಲ್ಕು ವರ್ಷ ಟ್ಯೂಷನ್ ಏರದ ಪ್ಲಾನ್ ತಗೊಂಡರೆ ಲಾಭ ತಾನೇ?

ಸರ್, ಮಗಳು ಟೆಕ್ಸಸ್‌ನ ಸ್ಟೇಟ್ ಯೂನಿವರ್ಸಿಟಿ ಸೇರುತ್ತಿದ್ದಾಳೆ, ಟ್ಯೂಷನ್ (ಅಂದರೆ ಬೋಧನಾ ಶುಲ್ಕ) ಏರದ ಫಿಕ್ಸೆಡ್ ಪ್ಲಾನ್ ಆರಿಸಿಬಿಟ್ಟರೆ ನಾಲ್ಕು ವರ್ಷ ನಿಶ್ಚಿಂತೆ ಅಲ್ಲವೇ ಅಂತ ಕೇಳಿದ್ದೀರಿ. ನಮ್ಮಪ್ಪನೂ ಹೀಗೇ ಲೆಕ್ಕ ಹಾಕಿದ್ದರು, ನಾನೂ ತಲೆಯಾಡಿಸಿದ್ದೆ. ಆಗಷ್ಟೇ ನಮಗೆ ಗ್ರೀನ್ ಕಾರ್ಡ್ ಬಂದಿತ್ತು, ರಾಜ್ಯದ ನಿವಾಸಿಗಳ ದರ ಸಿಗುತ್ತಿತ್ತು. ಆನ್‌ಲೈನ್ ಫಾರ್ಮಿನಲ್ಲಿ ಎರಡೇ ಆಯ್ಕೆ, ಫಿಕ್ಸೆಡ್, ಇಲ್ಲವೇ ವರ್ಷವರ್ಷ ದರ ಬದಲಾಗಬಹುದಾದ ವೇರಿಯಬಲ್. ಫಿಕ್ಸೆಡ್‌ನ ಮೊದಲ ವರ್ಷದ ದರ ಸ್ವಲ್ಪ ಜಾಸ್ತಿ ಇತ್ತು. 'ಇವತ್ತು ಸ್ವಲ್ಪ ಹೋದರೂ ಮುಂದೆ ಉಳಿಯುತ್ತೆ' ಅಂದರು ಅಪ್ಪ. ಕ್ಲಿಕ್ ಮಾಡಿದ್ದು ನಾನೇ.

ಈ ಎರಡು ಆಯ್ಕೆ ಬಂದದ್ದು ಹೇಗೆ ಅಂತ ಆಗ ನನಗೆ ಗೊತ್ತಿರಲಿಲ್ಲ. 2003ರಲ್ಲಿ ಟೆಕ್ಸಸ್ ಶಾಸನಸಭೆ ಟ್ಯೂಷನ್ ನಿಗದಿ ಮಾಡುವ ಅಧಿಕಾರವನ್ನು ಯೂನಿವರ್ಸಿಟಿಗಳ ಆಡಳಿತ ಮಂಡಳಿಗಳಿಗೆ ಬಿಟ್ಟುಕೊಟ್ಟಿತು. ನಿವಾಸಿಗಳಿಗೆ ಒಂದು ಕ್ರೆಡಿಟ್ ಅವರ್‌ಗೆ (ಕೋರ್ಸಿನ ಗಾತ್ರ ಅಳೆಯುವ ಘಟಕ) 50 ಡಾಲರ್ ಎಂಬ ಸರ್ಕಾರಿ ದರ ಹಾಗೇ ನಿಂತಿದೆ. ಅದರ ಮೇಲೆ ಮಂಡಳಿ ಹಾಕುವ 'ಡೆಸಿಗ್ನೇಟೆಡ್ ಟ್ಯೂಷನ್' ಇದೆಯಲ್ಲ, ಏರುವುದೆಲ್ಲ ಅದು. ಆಮೇಲೆ 2013ರಲ್ಲಿ ಇನ್ನೊಂದು ಕಾನೂನು ಬಂತು. 2014ರ ಫಾಲ್‌ನಿಂದ (ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮಿಸ್ಟರ್) ಹೊಸದಾಗಿ ಡಿಗ್ರಿಗೆ ಸೇರುವವರಿಗೆ ಸ್ಥಿರ ದರದ ಒಂದು ಪ್ಲಾನನ್ನೂ ಕೊಡಲೇಬೇಕು, ಕನಿಷ್ಠ ಸತತ 12 ಸೆಮಿಸ್ಟರ್ ದರ ಏರಿಸುವಂತಿಲ್ಲ ಅಂತ.

ಆ '12'ರಲ್ಲೇ ನಾನು ಮುಳುಗಿದ್ದು. ವರ್ಷಕ್ಕೆ ಫಾಲ್, ಸ್ಪ್ರಿಂಗ್ ಎರಡು ಸೆಮಿಸ್ಟರ್, ಹನ್ನೆರಡು ಅಂದರೆ ಆರು ವರ್ಷ ಅಂತ ನಾನು ಅಂದುಕೊಂಡೆ. ಡಿಗ್ರಿಗೆ ಬೇಕಾದದ್ದು ಎಂಟು, ಕೈಯಲ್ಲಿ ಇನ್ನೂ ನಾಲ್ಕು ಉಳಿಯುತ್ತೆ ಅನ್ನೋ ಧೈರ್ಯ. ಎರಡನೇ ವರ್ಷ ಮುಗಿಯುವಾಗ ಅಪ್ಪನ ಕೆಲಸ ಹೋಯಿತು. ಅದೇ ಧೈರ್ಯದ ಮೇಲೆ ಒಂದು ವರ್ಷ ಕಾಲೇಜು ಬಿಟ್ಟು ದುಡಿದೆ. ಸೇರದೇ ಇರುವ ಸೆಮಿಸ್ಟರ್ ಲೆಕ್ಕಕ್ಕೇ ಬರಲ್ಲ, ನನ್ನ ದರ ನನಗಾಗಿ ಕಾದಿರುತ್ತೆ ಅಂತ ಮನೆಯವರಿಗೆ ನಾನೇ ಸಮಾಧಾನ ಹೇಳಿದ್ದೆ.

ಎರಡೂ ತಪ್ಪು. ಬೇಸಿಗೆಯ ಸೆಮಿಸ್ಟರನ್ನೂ ಎಣಿಸುತ್ತಾರೆ, ನೀವು ಬೇಸಿಗೆಯಲ್ಲಿ ಒಂದು ಕ್ಲಾಸ್ ತಗೊಳ್ಳದಿದ್ದರೂ ಸರಿ. ಹಾಗಾಗಿ ಹನ್ನೆರಡು ಅಂದರೆ ನಾಲ್ಕೇ ವರ್ಷ. ಇನ್ನು 'ಸತತ' ಅನ್ನುವುದರ ಲೆಕ್ಕ ಮೊದಲ ಸಲ ಸೇರಿದ ದಿನದಿಂದ. ನೀವು ಓದುತ್ತಿದ್ದೀರೋ ಮನೆಯಲ್ಲಿದ್ದೀರೋ ಆ ಗಡಿಯಾರಕ್ಕೆ ಬೇಕಿಲ್ಲ. ಇದು ಯೂನಿವರ್ಸಿಟಿ ಮಾಡಿದ ಮೋಸವೇನಲ್ಲ, ಕಾನೂನಿನಲ್ಲೇ ಹಾಗಿದೆ. ನಾನು ವಾಪಸ್ ಬಂದಾಗ ನಾಲ್ಕನೇ ವರ್ಷ ನಡೆಯುತ್ತಿತ್ತು. ಆ ಒಂದು ವರ್ಷ ಮಾತ್ರ ಹಳೇ ದರ ಸಿಕ್ಕಿತು. ಕೊನೇ ವರ್ಷದ ಬಿಲ್ ಆಗಿನ ಚಾಲ್ತಿ ದರದಲ್ಲಿ ಬಂತು.

ಸರಿ, ಒಂದು ವರ್ಷ ತಾನೇ ಹೋಯಿತು ಅನ್ನಬಹುದು. ಹೋದದ್ದು ಯಾವ ವರ್ಷ ನೋಡಿ. ಲೆಕ್ಕ ಸುಲಭವಾಗಲಿ ಅಂತ ನಾನೇ ಸಂಖ್ಯೆ ಕಟ್ಟುತ್ತೇನೆ. ವೇರಿಯಬಲ್ ವರ್ಷಕ್ಕೆ 10,000 ಡಾಲರ್, ಫಿಕ್ಸೆಡ್ 10,800 ಅಂತಿರಲಿ. ವೇರಿಯಬಲ್ ವರ್ಷಕ್ಕೆ ಶೇ. 4 ಏರಿದರೆ 10,000, 10,400, 10,816, 11,249. ಮೊದಲ ಎರಡು ವರ್ಷದಲ್ಲಿ ಫಿಕ್ಸೆಡ್‌ನವರು 1,200 ಹೆಚ್ಚು ಕಟ್ಟಿರುತ್ತಾರೆ, ಮೂರನೇ ವರ್ಷ ಸಮಸಮ, ಕಣ್ಣಿಗೆ ಕಾಣುವ ಉಳಿತಾಯ ನಾಲ್ಕನೇ ವರ್ಷ ಮಾತ್ರ, ಅದೂ 449. ನಾಲ್ಕು ವರ್ಷ ಪೂರ್ತಿ ಓದಿದರೂ ಫಿಕ್ಸೆಡ್‌ನಲ್ಲಿ 735 ಡಾಲರ್ ನಷ್ಟ. ಏರಿಕೆ ಶೇ. 6 ಆದರೆ ಲೆಕ್ಕ ತಿರುಗಿ 546 ಡಾಲರ್ ಲಾಭ. ದುಬಾರಿ ಕಂತು ಮೊದಲು, ಉಳಿತಾಯ ಕೊನೆಗೆ. ಮಧ್ಯೆ ಬಿಟ್ಟವನು ಕಂತು ಪೂರ್ತಿ ಕಟ್ಟಿರುತ್ತಾನೆ, ಉಳಿತಾಯ ಹೆಚ್ಚುವ ಕೊನೇ ವರ್ಷ ಬರುವ ಹೊತ್ತಿಗೆ ಅವಧಿ ಮುಗಿದಿರುತ್ತೆ. ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆದವರದೂ ಇದೇ ಕಥೆ. ಹೈಸ್ಕೂಲಿನಲ್ಲೇ ಗಳಿಸಿದ ಎಪಿ ಕ್ರೆಡಿಟ್ ಹಿಡಿದು ಮೂರೇ ವರ್ಷದಲ್ಲಿ ಮುಗಿಸುವ ಜಾಣ ಮಕ್ಕಳಿಗೂ ನಷ್ಟವೇ, ತಮಾಷೆ ನೋಡಿ.

ಅದಕ್ಕೇ ನಿಮ್ಮ 'ನಿಶ್ಚಿಂತೆ' ನನಗೆ ಒಪ್ಪಿಗೆಯಿಲ್ಲ. ಫಿಕ್ಸೆಡ್ ಪ್ಲಾನ್ ರಿಯಾಯಿತಿ ಅಲ್ಲ, ಮುಂದಿನ ಏರಿಕೆಯನ್ನು ಊಹಿಸಿ ಇವತ್ತೇ ಸೇರಿಸಿ ವಸೂಲಿ ಮಾಡುವ ವ್ಯವಸ್ಥೆ. ಊಹಿಸುವವರು ಅವರು, ನೀವಲ್ಲ. ಊಹೆ ಎಷ್ಟು ಕೈಕೊಡಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು: 2023ರಲ್ಲಿ ಟೆಕ್ಸಸ್ ಸರ್ಕಾರ ಹೆಚ್ಚು ಅನುದಾನ ಕೊಟ್ಟು, ಬದಲಿಗೆ ರಾಜ್ಯದ ವಿದ್ಯಾರ್ಥಿಗಳ ಡಿಗ್ರಿ ಟ್ಯೂಷನ್ ಎರಡು ವರ್ಷ ಏರಿಸಬಾರದು ಅಂದಿತು. 2024ರ ನವೆಂಬರ್‌ನಲ್ಲಿ ಗವರ್ನರ್ ಅಬಾಟ್ ಇನ್ನೆರಡು ವರ್ಷಕ್ಕೆ ಅದನ್ನೇ ಹೇಳಿದರು. ವೇರಿಯಬಲ್ ಅಲ್ಲಾಡದೆ ನಿಂತಿತು. ಅದಕ್ಕೆ ಸ್ವಲ್ಪ ಮೊದಲು ಏರಿಕೆಗೆ ಹೆದರಿ ಫಿಕ್ಸೆಡ್ ಹಿಡಿದವರು ಹೆಚ್ಚಿನ ದರ ಕಟ್ಟುತ್ತಾ ಕೂತರು.

ಎಲ್ಲಾ ಕಡೆ ಹೀಗೇ ಅಂತಲ್ಲ. ಇಲಿನಾಯ್‌ನಲ್ಲಿ ಆಯ್ಕೆಯ ಗೋಜೇ ಇಲ್ಲ. 2004ರಿಂದ ರಾಜ್ಯದ ವಿದ್ಯಾರ್ಥಿಗೆ ನಾಲ್ಕು ವರ್ಷ ಒಂದೇ ದರ ಅಂತ ಕಾನೂನೇ ಇದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಸೇರಿದವರಿಗೆ ಆರು ವರ್ಷದವರೆಗೆ ಸಿಗುತ್ತೆ. ಜಾರ್ಜಿಯಾ 2006ರಲ್ಲಿ ಶುರು ಮಾಡಿ, ಹಣಕಾಸು ಬಿಗಿಯಾದಾಗ 2009ರಲ್ಲಿ ಹೊಸಬರಿಗೆ ನಿಲ್ಲಿಸಿಯೇ ಬಿಟ್ಟಿತು. ಟೆಕ್ಸಸ್‌ನಲ್ಲಿ ಆಯ್ಕೆ ನಿಮ್ಮ ತಲೆ ಮೇಲೆ ಹಾಕುತ್ತಾರೆ, ಹಾಗಾಗಿ ನೀವೇ ಲೆಕ್ಕ ಹಾಕಬೇಕು.

ನನ್ನನ್ನು ಕೇಳಿದರೆ ವೇರಿಯಬಲ್ ತಗೊಳ್ಳಿ. ಯಾವ ಪ್ಲಾನ್ ಅನ್ನುವುದಕ್ಕಿಂತ ಮಗಳು ಸರಿಯಾಗಿ ನಾಲ್ಕು ವರ್ಷಕ್ಕೆ ಮುಗಿಸುತ್ತಾಳಾ ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಿಸಬೇಕು ಅನ್ನೋ ಯೋಚನೆ ಈಗಲೇ ಇದ್ದರಂತೂ ಫಿಕ್ಸೆಡ್ ಬೇಡವೇ ಬೇಡ. ಎಂಜಿನಿಯರಿಂಗ್, ಬಿಸಿನೆಸ್‌ಗೆ ಎಷ್ಟೋ ಕಡೆ ದರವೇ ಬೇರೆ. ಅವಳು ಹಟಮಾರಿ, ಓದಿನಲ್ಲಿ ಗಟ್ಟಿ, ಎರಡು ದರಗಳ ಅಂತರವೂ ಕಡಿಮೆ ಅಂದರೆ ಮಾತ್ರ ಫಿಕ್ಸೆಡ್ ನೋಡಿ. ಆಗಲೂ ಹಾಸ್ಟೆಲ್, ಊಟ ಅದರಲ್ಲಿ ಸೇರಲ್ಲ.

ಆರಿಸುವ ಮೊದಲು ಬರ್ಸರ್ ಆಫೀಸನ್ನು (ಫೀಸು ವಸೂಲಿಯ ಕಚೇರಿ) ಕೇಳಿ: ಕಡ್ಡಾಯ ಫೀಸುಗಳು ಸ್ಥಿರವಾ, ಟ್ಯೂಷನ್ ಮಾತ್ರವಾ? ಹನ್ನೆರಡನೇ ಸೆಮಿಸ್ಟರ್ ಯಾವ ತಿಂಗಳು ಮುಗಿಯುತ್ತೆ? ಆರಿಸಿದ ಮೇಲೆ ಬದಲಿಸಲು ಬಿಡುತ್ತಾರಾ, ಯಾವ ದಿನಾಂಕದವರೆಗೆ? ಫೋನಿನಲ್ಲಿ ಕೇಳಬೇಡಿ, ಈಮೇಲ್ ಹಾಕಿ. ಮಗಳ ಸ್ಟೂಡೆಂಟ್ ಅಕೌಂಟಿನಿಂದ ಅವಳೇ ಹಾಕಲಿ, ಅವಳ ಒಪ್ಪಿಗೆ ಇಲ್ಲದೆ ಅವಳ ಖಾತೆಯ ವಿವರ ಅಪ್ಪ-ಅಮ್ಮಂದಿರಿಗೆ ಅವರು ಸಾಮಾನ್ಯವಾಗಿ ಕೊಡಲ್ಲ.