ಹಮ್ಮಸ್ ಹೋಗಿ ಕಡಲೆ ಚಟ್ನಿ ಆಯಿತಾ?

ಪ್ರಶ್ನೆ: ನನ್ನ ಇಬ್ಬರು ಮಕ್ಕಳಿಗೂ ಹಮ್ಮಸ್ ಹುಚ್ಚು, ಅದೇ ಕಡಲೆ, ಎಳ್ಳು ರುಬ್ಬಿ ಮಾಡುವ ಅರಬ್ಬರ ಚಟ್ನಿಯಂಥದ್ದು. 200 ಗ್ರಾಂ ಡಬ್ಬಿಗೆ 160 ರೂಪಾಯಿ, ವಾರಕ್ಕೆ ಎರಡು ಡಬ್ಬಿ ಖಾಲಿ. ದುಡ್ಡು ಉಳಿಯಲಿ ಅಂತ ಮನೆಯಲ್ಲೇ ಮಾಡಿದೆ. ಕಾಬೂಲಿ ಕಡಲೆ ನೆನೆಸಿ, ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ, ಅರ್ಧ ಗಂಟೆ ಕೂತು ಸಿಪ್ಪೆ ಸುಲಿದೆ. ಎಳ್ಳನ್ನು ಕೆಂಪಗೆ ಹುರಿದು ರುಬ್ಬಿದೆ. ತರಿತರಿ, ಮೇಲಿಂದ ಕಹಿ ಬೇರೆ. "ಚಟ್ನಿಗೆ ಒಗ್ಗರಣೆ ಮರೆತೆಯಾ?" ಅಂದರು ಯಜಮಾನರು. ತಪ್ಪಿದ್ದೆಲ್ಲಿ?
- ಓದುಗರು, ಮೈಸೂರು

ಉತ್ತರ: ತಪ್ಪು ಎಳ್ಳಿನದು, ಆಮೇಲೆ ಆ ಮೂರು ಕೂಗಿನದು. ಯಜಮಾನರದೂ ಸ್ವಲ್ಪ ಇದೆ, ಅದನ್ನು ನೀವೇ ನೋಡಿಕೊಳ್ಳಿ.

ನಾವು ಶಾರ್ಜಾದಲ್ಲಿ 12 ವರ್ಷ ಇದ್ದೆವು. ಎದುರು ಮನೆಯವರು ಪ್ಯಾಲೆಸ್ಟೈನ್ ಕಡೆಯವರು. ಹಮ್ಮಸ್ ಅಂದರೆ ಅರಬ್ಬಿಯಲ್ಲಿ ಕಡಲೆ ಅಂತಲೇ ಅರ್ಥ, ಅದನ್ನು ಹೇಳಿಕೊಟ್ಟವರು ಆ ಮನೆಯ ಅಮ್ಮ. ಬೆಂದ ಕಡಲೆ ಒಂದನ್ನು ತೆಗೆದು ಎರಡು ಬೆರಳ ನಡುವೆ ಒತ್ತುತ್ತಿದ್ದರು. ಬೆಣ್ಣೆ ಹಾಗೆ ಹರಡಬೇಕು. ನಡುವೆ ಚೂರು ಗಟ್ಟಿ ಸಿಕ್ಕರೂ ಪಾತ್ರೆ ಮತ್ತೆ ಒಲೆ ಮೇಲೆ. ನಾವು ಉಸಲಿಗೆ ಬೇಯಿಸುವ ಹದ ಇದಕ್ಕೆ ಸಾಲದು.

200 ಗ್ರಾಂ ಕಡಲೆಯನ್ನು ರಾತ್ರಿ ನೆನೆಸುವಾಗ ಕಾಲು ಚಮಚ ಅಡುಗೆ ಸೋಡಾ ಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಚೆನ್ನಾಗಿ ತೊಳೆದು, ಹೊಸ ನೀರಿನಲ್ಲಿ ಎಂಟು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಸೋಡಾಕ್ಕೆ ಸಿಪ್ಪೆ ಮೆತ್ತಗಾಗುತ್ತದೆ, ಕೂತು ಸುಲಿಯುವ ಕೆಲಸವೇ ಇಲ್ಲ. ಬಸಿದ ಕಟ್ಟು ಸಾರಿಗೆ ಆಗುತ್ತದೆ, ಚೆಲ್ಲಬೇಡಿ.

ಇನ್ನು ಎಳ್ಳು. ಕೆಂಪಗೆ ಹುರಿದರೆ ಎಳ್ಳುಪುಡಿಗೆ ಚೆನ್ನ, ಇಲ್ಲಿ ಕಹಿ. ಸಂಕ್ರಾಂತಿಗೆ ತರುತ್ತೀರಲ್ಲ, ಸಿಪ್ಪೆ ತೆಗೆದ ಬಿಳಿ ಎಳ್ಳು, ಅದೇ ಬೇಕು. 60 ಗ್ರಾಂ ಸಾಕು. ಬೆಚ್ಚಗಾಗಿ ಘಮ್ ಅಂದ ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕೆಂಪಾಗುತ್ತದೆ. ಚಟ್ನಿ ಜಾರಿನಲ್ಲಿ ಎರಡು ಚಮಚ ಸೂರ್ಯಕಾಂತಿ ಎಣ್ಣೆ ಬಿಟ್ಟು ನುಣ್ಣಗೆ ರುಬ್ಬಿ. ನಮ್ಮ ಎಳ್ಳೆಣ್ಣೆ ಬೇಡ, ಉಪ್ಪಿನಕಾಯಿ ಜಾಡಿ ನೆನಪಾಗುತ್ತದೆ. ಇದೇ ತಾಹಿನಿ. ಬಾಟಲಿಯ ತಾಹಿನಿಗೆ ದುಡ್ಡು ಸುರಿದರೆ ಉಳಿತಾಯ ಅಲ್ಲಿಗೇ ಮುಗಿಯಿತು.

ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ನಿಂಬೆರಸದಲ್ಲಿ ಹತ್ತು ನಿಮಿಷ ಬಿಡಿ, ಘಾಟು ಇಳಿಯುತ್ತದೆ. ಇದನ್ನೂ ಉಪ್ಪನ್ನೂ ತಾಹಿನಿ ಜೊತೆ ಸೇರಿಸಿ, ಕಡಲೆ ಉಗುರುಬೆಚ್ಚಗಿರುವಾಗಲೇ ರುಬ್ಬಿ. ನಡುನಡುವೆ ಐಸ್ ನೀರು, ಒಂದೊಂದೇ ಚಮಚ. ನೋಡನೋಡುತ್ತಾ ಬಣ್ಣ ಬೆಳ್ಳಗಾಗಿ, ಉಬ್ಬಿದ ಇಡ್ಲಿ ಹಿಟ್ಟಿನ ಹಾಗೆ ಹಗುರಾಗುತ್ತದೆ. ಆಲಿವ್ ಎಣ್ಣೆ ಮಿಕ್ಸಿಗೆ ಬೇಡ, ಜೋರಾಗಿ ತಿರುಗಿದರೆ ಅದೂ ಕಹಿಯಾಗುವುದುಂಟು. ತಟ್ಟೆಗೆ ಹಾಕಿ, ಚಮಚದ ಬೆನ್ನಿನಿಂದ ಸುತ್ತ ಒಂದು ಕಾಲುವೆ ತೆಗೆದು, ಅದರೊಳಗೆ ಒಂದು ಚಮಚ ಬಿಡಿ.

ನಮ್ಮ ಬೀದಿ ಅಂಗಡಿಯ ಈ ವಾರದ ರೇಟಿನಲ್ಲಿ ಕಡಲೆಗೆ 28 ರೂಪಾಯಿ, ಎಳ್ಳಿಗೆ 15, ಉಳಿದದ್ದೆಲ್ಲ ಸೇರಿ 30. ಒಟ್ಟು 73ಕ್ಕೆ ಹತ್ತಿರ ಹತ್ತಿರ 600 ಗ್ರಾಂ, ಅಂದರೆ ನಿಮ್ಮ ಮೂರು ಡಬ್ಬಿ. ಗ್ಯಾಸು, ಕೈಕೆಲಸ ಲೆಕ್ಕಕ್ಕೆ ಹಿಡಿದಿಲ್ಲ.

ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಸ್ಕೂಲ್ ಡಬ್ಬಿಗೆ ಮಾತ್ರ ಬೇಡ, ಸೆಕೆಗೆ ಕೆಡುತ್ತದೆ. ಸಂಜೆ ಸೌತೆಕಾಯಿ ಜೊತೆ ಕೊಡಿ.

ಒಗ್ಗರಣೆ ವಿಷಯ ಕೇಳಿದಿರಿ ಅಂತ ಹೇಳುತ್ತೇನೆ. ಶಾರ್ಜಾಕ್ಕೆ ಬಂದಿದ್ದ ನಮ್ಮತ್ತೆ ಒಂದು ಸಲ ಸಾಸಿವೆ, ಕರಿಬೇವು ಚಟಪಟ ಅನ್ನಿಸಿ ಹಾಕಿಯೇಬಿಟ್ಟರು. ದೋಸೆಗೆ ಬಹಳ ಚೆನ್ನಾಗಿತ್ತು. ಎದುರು ಮನೆಗೆ ಮಾತ್ರ ಹೇಳಲಿಲ್ಲ.