ಸೈಕಲ್ ತುಳಿದು ಹಾರ್ಟ್ ದೊಡ್ಡದಾದ್ರೆ ಅದು ಕಾಯಿಲೆನಾ?

ಪ್ರಶ್ನೆ: ಸರ್, ನಂಗೆ 34 ವರ್ಷ, ಚಿಕ್ಕಬಳ್ಳಾಪುರ. ನಾಲ್ಕು ವರ್ಷದಿಂದ ವಾರಕ್ಕೆ ಮೂರ್ನಾಲ್ಕು ಸಲ ಬೆಳಗಿನ ಜಾವಾನೇ ಎದ್ದು ಸೈಕಲಲ್ಲಿ ನಂದಿಬೆಟ್ಟ ಹತ್ತೀನಿ. ಮೊನ್ನೆ ಇನ್ಶೂರೆನ್ಸ್‌ಗೆ ಅಂತ ಟೆಸ್ಟ್ ಮಾಡ್ಸಿದ್ರೆ ಪಲ್ಸ್ 46, ಎಕೋದಲ್ಲಿ ಎಡಗಡೆ ಚೇಂಬರ್ ಸ್ವಲ್ಪ ದೊಡ್ಡದಿದೆ ಅಂತ ಬರೆದಿದ್ದಾರೆ. ನಮ್ಮಮ್ಮ ಹಾರ್ಟ್ ಊದ್ಕೊಂಡಿದೆ ಅಂತ ಭೋಗನಂದೀಶ್ವರನಿಗೆ ಹರಕೆ ಹೊತ್ಕೊಂಡಿದ್ದಾರೆ. ಇಲಿಗಳನ್ನ ಓಡ್ಸಿ ಓಡ್ಸಿ ಅವುಗಳ ಹಾರ್ಟಲ್ಲಿ ಕಲೆ ಬಿದ್ದಿದ್ದನ್ನ ಫ್ರೆಂಡ್ ಒಬ್ಬ ಎಲ್ಲೋ ಓದಿದ್ನಂತೆ. ಸೈಕಲ್ ಮಾರ್ಬಿಡ್ಲಾ?

ಉತ್ತರ: ಇನ್ನೂ ಮಾರ್ಬೇಡಿ. ನಾನು ಸುಮಾರು ವರ್ಷ ಇಲಿ ಲ್ಯಾಬಲ್ಲೇ ಕಳೆದವನು, ಅಲ್ಲಿಂದಲೇ ಶುರು ಮಾಡ್ತೀನಿ.

ಇಲಿ ಟ್ರೆಡ್‌ಮಿಲ್ ಅಂದ್ರೆ ಸಾಲಾಗಿ ಉದ್ದುದ್ದ ಗೂಡು, ಕೆಳಗೆ ಓಡೋ ಬೆಲ್ಟು, ನಿಂತ್ಕೊಂಡ್ರೆ ಹಿಂದೆ ಸಣ್ಣಗೆ ಶಾಕ್ ಹೊಡೆಯೋ ಕಂಬಿ. ಎರಡ್ಮೂರು ತಿಂಗಳು ಓಡ್ಸಿ ಆಮೇಲೆ ಹಾರ್ಟ್ ತೆಗೆದು, ರಕ್ತ ಒತ್ತಿ ಒರೆಸಿ ತೂಕಕ್ಕಿಡ್ತೀವಿ. ಹೆಚ್ಚೂಕಮ್ಮಿ 1 ಗ್ರಾಂ ಇರುತ್ತೆ, ಪಾವಗಡದ ಕಡ್ಲೆಕಾಯಿ ಬೀಜಕ್ಕಿಂತ ಒಂಚೂರು ದಪ್ಪ ಅಷ್ಟೇ. ಇಲ್ಲೇ ಒಂದು ಮೋಸ ಇದೆ, ಓಡೋ ಗಂಡಿಲಿ ಸಣ್ಣಗಾಗ್ಬಿಡುತ್ತೆ, ಹಾಗಾಗಿ ಹಾರ್ಟ್ ತೂಕಾನ ಮೈತೂಕಕ್ಕೆ ಹೋಲಿಸಿದ್ರೆ ಹಾರ್ಟ್ ಬೆಳೀದಿದ್ರೂ ಬೆಳೆದ ಹಾಗೆ ಕಾಣುತ್ತೆ. ಅದಕ್ಕೇ ಹುಷಾರಾದೋರು ಕಾಲಿನ ಮೂಳೆ ಉದ್ದಕ್ಕೆ ಹೋಲಿಸ್ತಾರೆ, ಮೂಳೆ ಡಯಟ್ ಮಾಡಲ್ಲವಲ್ಲ.

ಹಾಗೆ ಅಳೆದ್ರೂ ಹಾರ್ಟ್ ನಿಜವಾಗ್ಲೂ ಬೆಳೆದಿರುತ್ತೆ. ಒಂದೊಂದು ಸ್ನಾಯುಕೋಶ ಉದ್ದ ಆಗುತ್ತೆ, ಚೇಂಬರ್ ದೊಡ್ಡದಾಗಿ ಒಂದು ಬಡಿತಕ್ಕೆ ಜಾಸ್ತಿ ರಕ್ತ ಹೋಗುತ್ತೆ, ಜೊತೆಗೆ ಸಣ್ಣ ರಕ್ತನಾಳಗಳೂ ಬೆಳೀತವೆ. ಇದೇ ಲ್ಯಾಬಲ್ಲಿ ಇನ್ನೊಂದು ಇಲಿಯ ಮಹಾಪಧಮನಿಗೆ, ಅಂದ್ರೆ ಹಾರ್ಟಿಂದ ಹೊರಡೋ ದೊಡ್ಡ ರಕ್ತನಾಳಕ್ಕೆ, ದಾರ ಬಿಗಿದ್ರೆ ಅದ್ರ ಹಾರ್ಟೂ ತೂಕ ಜಾಸ್ತಿ ಆಗುತ್ತೆ, ಆದ್ರೆ ಗೋಡೆ ದಪ್ಪ ಆಗಿ, ಮಧ್ಯೆ ನಾರು (ನಿಮ್ಮ ಫ್ರೆಂಡ್ ಹೇಳಿದ ಕಲೆ ಇದೇ) ತುಂಬ್ಕೊಂಡು, ಕೊನೆಗೆ ಸೋತೋಗುತ್ತೆ. ಬೋರ್‌ವೆಲ್ ವಾಲ್ವ್ ಅರ್ಧ ಮುಚ್ಚಿ ಹಗಲೂ ರಾತ್ರಿ ಮೋಟಾರ್ ಓಡ್ಸಿದ ಹಾಗೆ. ಬಿಪಿ ಇರೋರ ಕಥೆ ಇದು. ನಿಮ್ಮದು ಒಂದೆರಡು ಗಂಟೆ ಜೋರಾಗಿ ಓಡಿ ಮಿಕ್ಕಿದ್ದೆಲ್ಲಾ ಆರಾಮಾಗಿರೋ ಮೋಟಾರು.

ಪಲ್ಸ್ 46 ಬಗ್ಗೆ. ವ್ಯಾಯಾಮ ಮಾಡೋರಿಗೆ ಬಡಿತ ಹೀಗೆ ನಿಧಾನ ಆಗೋದು ಬರೀ ಹಾರ್ಟ್ ನಿಧಾನ ಮಾಡೋ ನರದ ಕೆಲಸ ಅಂತಲೇ ಬಹಳ ಕಾಲ ಅಂದ್ಕೊಂಡಿದ್ರು, ನಾನೂ ಪಾಠದಲ್ಲಿ ಹಾಗೇ ಹೇಳ್ತಿದ್ದೆ. 2014ರಲ್ಲಿ ಇಲಿಗಳಲ್ಲಿ ನೋಡಿದ್ರೆ ಆ ನರದ ಪ್ರಭಾವ ತಡೆದ್ರೂ ಬಡಿತ ನಿಧಾನವಾಗೇ ಇತ್ತು, ಬಡಿತ ಹುಟ್ಟಿಸೋ ಕೋಶಗಳಲ್ಲೇ ಎಚ್‌ಸಿಎನ್4 ಅನ್ನೋ ಚಾನೆಲ್, ಅಂದ್ರೆ ಬಡಿತಕ್ಕೆ ಬೇಕಾದ ಕರೆಂಟ್ ಒಳಗೆ ಬಿಡೋ ಬಾಗಿಲು, ಕಮ್ಮಿಯಾಗಿತ್ತು.

ನಿಮ್ಮ ಫ್ರೆಂಡ್ ಓದಿದ್ದೂ ಸುಳ್ಳಲ್ಲ. 2011ರಲ್ಲಿ ಬಂದ ಅಧ್ಯಯನ ಇರ್ಬೇಕು ಅದು, ಇಲಿಗಳನ್ನ ದಿನಕ್ಕೊಂದು ಗಂಟೆ, ವಾರಕ್ಕೆ 5 ದಿನ, 16 ವಾರ ಜೋರಾಗಿ ಓಡ್ಸಿದ್ರು, ಮೇಲಿನ ಚೇಂಬರ್‌ಗಳಲ್ಲಿ, ಬಲಗಡೆ ಕೆಳಗಿನದರಲ್ಲಿ ನಾರು ಬೆಳೆದಿತ್ತು. ಆದ್ರೆ ಇಲಿ ಬದುಕೋದೇ ಎರಡ್ಮೂರು ವರ್ಷ, ಅದಕ್ಕೆ 16 ವಾರ ಏನ್ ಕಮ್ಮಿ ಟೈಮಲ್ಲ, ಮೇಲಾಗಿ ಬಲವಂತದ ಓಟ. ಗೂಡಲ್ಲಿ ಒಂದು ಚಕ್ರ ಇಟ್ಬಿಟ್ರೆ ಚಿಕ್ಕ ಇಲಿಗಳು ಯಾರೂ ಹೇಳ್ದೇನೇ ರಾತ್ರಿಯೆಲ್ಲಾ ಕಿಲೋಮೀಟರ್‌ಗಟ್ಟಲೆ ಓಡ್ತವೆ! ಅದೇ ಅಧ್ಯಯನದಲ್ಲಿ 8 ವಾರ ರೆಸ್ಟ್ ಕೊಟ್ಮೇಲೆ ಆ ನಾರು ಕರಗಿತ್ತು, ಈ ಸಾಲನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಎಕೋ ರಿಪೋರ್ಟಲ್ಲಿ ಗೋಡೆ ದಪ್ಪ ಎಷ್ಟು ಅಂತ ನೀವು ಬರೆದಿಲ್ಲ. 12 ಮಿಲಿಮೀಟರ್ ಒಳಗಿದ್ರೆ ಸಾಮಾನ್ಯವಾಗಿ ವ್ಯಾಯಾಮದ ಹಾರ್ಟೇ. 13ರಿಂದ 15 ಇದ್ರೆ ಕಾರ್ಡಿಯಾಲಜಿಸ್ಟ್ ಹತ್ರ ಹೋಗಿ, ಕೆಲವ್ರಿಗೆ ಎರಡ್ಮೂರು ತಿಂಗಳು ಸೈಕಲ್ ಬಿಡ್ಸಿ ಮತ್ತೆ ಎಕೋ ಮಾಡ್ತಾರೆ, ಅಭ್ಯಾಸದಿಂದ ಬಂದಿದ್ದಾದ್ರೆ ಇಳಿಯುತ್ತೆ. ಬೆಟ್ಟ ಹತ್ತುವಾಗ ಕಣ್ಣು ಕತ್ತಲೆ ಬಂದ್ರೆ, ಎದೆ ಹಿಡ್ಕೊಂಡ್ರೆ, ಅಥವಾ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದಂಗೆ ತೀರ್ಕೊಂಡಿದ್ರೆ ಈ ನಂಬರ್‌ಗಳನ್ನೆಲ್ಲಾ ಪಕ್ಕಕ್ಕಿಟ್ಟು ಅವತ್ತೇ ತೋರಿಸ್ಕೊಳ್ಳಿ.